ಓದೋ ಮಕ್ಕಳ ಪಟ್ಟೀಲಿ ನಮ್ಮವರ ಆತ್ಮಕಥೆಗಳೂ ಇರ್ಲಿ

ಮಾನ್ಯ ಸಂಪಾದಕರೇ,

ರಿಸಲ್ಟ್ ಬಂದು ಕಾಲೇಜು ಶುರುವಾಗೋ ಹೊತ್ತಿಗೆ ಪ್ರತಿ ವರ್ಷ ಪೇಪರ್‌ಗಳ ವಿದ್ಯಾರ್ಥಿ ಪುಟದಲ್ಲಿ ಶಿಸ್ತು, ಧೈರ್ಯ, ಸ್ವಾವಲಂಬನೆ ಬೆಳೆಸ್ಕೊಳ್ಳೋಕೆ ಈ ಪುಸ್ತಕ ಓದಿ ಅಂತ ಒಂದು ಪಟ್ಟಿ ಬರುತ್ತೆ, ನಿಮ್ಮಲ್ಲೂ ಬಂತು, ನೋಡಿದ್ರೆ ಹೆಚ್ಚು ಕಮ್ಮಿ ಎಲ್ಲಾ ಇಂಗ್ಲಿಷಿಂದ ಅನುವಾದ ಆದವೇ. ನಾನು ಡಿಗ್ರಿ ಕಾಲೇಜಿನ ಲೈಬ್ರರೀಲಿ ಕೆಲಸ ಮಾಡೋಳು. ಆ ಪುಸ್ತಕಗಳನ್ನ ಮಕ್ಕಳು ಆಸೆಯಿಂದ ತಗೊಂಡು ಹೋಗ್ತಾರೆ, ಬೆಳಿಗ್ಗೆ ಐದಕ್ಕೆ ಏಳೋದು, ಡೈರಿ ಬರೆಯೋದು ಎಲ್ಲಾ ಒಂದು ವಾರ ನಡೆಯುತ್ತೆ, ಆಮೇಲೆ ಬಂದು "ಮೇಡಂ, ಇನ್ನೊಂದು ಮೋಟಿವೇಶನ್ ಬುಕ್ ಇದ್ರೆ ಕೊಡಿ" ಅಂತಾರೆ. ಅವು ಕೆಟ್ಟ ಪುಸ್ತಕ ಅಂತ ನಾನು ಹೇಳಲ್ಲ. ಆದ್ರೆ ಹಳ್ಳಿಯಿಂದ ಬಸ್ ಹತ್ತಿ ಬರೋ, ಮನೇಲಿ ಓದೋಕೆ ಒಂದು ಮೂಲೆನೂ ಇಲ್ದಿರೋ ಹುಡುಗ ಹುಡುಗೀರಿಗೆ ತಮ್ಮಂಥವರೇ ಹೆಂಗೆ ಬದುಕಿ ಬಂದ್ರು ಅಂತ ಹೇಳೋ ಪುಸ್ತಕ ಕನ್ನಡದಲ್ಲೇ ಇರೋವಾಗ ಅದನ್ನ ಯಾಕೆ ಯಾರೂ ಪಟ್ಟೀಲಿ ಹಾಕಲ್ಲ ಅನ್ನೋದೇ ನನ್ನ ಸಂಕಟ.

ಕೇಳಿದವರಿಗೆಲ್ಲಾ ನಾನು ಮೊದಲು ಕೊಡೋದು ಸಿದ್ದಲಿಂಗಯ್ಯನವರ 'ಊರುಕೇರಿ'. ತೆಳ್ಳಗಿನ ಪುಸ್ತಕ, ಓದೋ ಅಭ್ಯಾಸ ಇಲ್ಲದವರೂ ಮುಗಿಸ್ತಾರೆ. ಮಾಗಡಿ ಕಡೆ ಮಂಚನಬೆಲೆಯ ದಲಿತ ಕೇರಿ ಹುಡುಗ, ಎತ್ತಿನ ಜಾಗದಲ್ಲಿ ತನ್ನ ಅಪ್ಪನ ಹೆಗಲಿಗೇ ನೊಗ ಹೂಡಿ ಹೊಲ ಉಳೋದನ್ನ ಕಣ್ಣಾರೆ ನೋಡಿದವನು, ಬೆಂಗಳೂರಿಗೆ ಬಂದು ಹಾಸ್ಟೆಲ್ ಸೇರ್ಕೊಂಡು, ಸ್ಮಶಾನದಲ್ಲಿ ಕೂತು ಓದಿ, ಮುಂದೆ ಕವಿ ಆಗಿ ಪ್ರೊಫೆಸರ್ ಆಗಿ ದಲಿತ ಚಳವಳಿ ಕಟ್ಟಿದವರಲ್ಲಿ ಒಬ್ಬರಾದ ಕಥೆ ಅದು. ಇಷ್ಟೆಲ್ಲಾ ನೋವಿದ್ರೂ ಪುಟ ಪುಟಕ್ಕೂ ನಗು ಬರುತ್ತೆ, ಆ ನಗುವೇ ಆ ಮನುಷ್ಯನ ಗಟ್ಟಿತನ ಅಂತ ನಂಗನ್ಸುತ್ತೆ. ಹಾಸ್ಟೆಲಲ್ಲಿ ಇದೀನಿ ಅಂತ ಹೇಳ್ಕೊಳ್ಳೋಕೆ ನಾಚಿಕೆ ಪಡೋ ಮಕ್ಕಳು ಇವತ್ತಿಗೂ ಇದಾರೆ, ಅವರು ಇದನ್ನ ಓದಿ ವಾಪಸ್ ಕೊಡೋವಾಗ ಮಾತಾಡೋ ಧಾಟಿನೇ ಬೇರೆ ಇರುತ್ತೆ.

ಎರಡನೇದು ಎಸ್.ಎಲ್. ಭೈರಪ್ಪನವರ 'ಭಿತ್ತಿ', 1996ರಲ್ಲಿ ಬಂದಿದ್ದು. ನಮ್ಮ ಹಾಸನ ಜಿಲ್ಲೆಯವರೇ, ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರ. ಪ್ಲೇಗಲ್ಲಿ ಒಡಹುಟ್ಟಿದವರು ಹೋದ್ರು, ತಾಯಿನೂ ಹೋದ್ರು, ಮೀಸೆ ಮೂಡದ ವಯಸ್ಸಲ್ಲಿ ತಮ್ಮನ ಹೆಣಾನ ತಾನೇ ಹೊತ್ತುಕೊಂಡು ಹೋಗಿ ಸುಟ್ಟು ಬಂದ್ರು. ಊದುಬತ್ತಿ ಮಾರಿದ್ರು, ಸಿನಿಮಾ ಟಾಕೀಸಿನ ಗೇಟಲ್ಲಿ ನಿಂತ್ರು, ಬಾಂಬೆ ಸ್ಟೇಷನ್ನಲ್ಲಿ ಮೂಟೆ ಹೊತ್ರು, ವಾರಾನ್ನ ಉಂಡು ಓದಿ ಮೈಸೂರಲ್ಲಿ ಎಂಎ ಚಿನ್ನದ ಪದಕ ತಗೊಂಡ್ರು. ದಪ್ಪ ಪುಸ್ತಕ ಅಂತ ಮಕ್ಕಳು ಹೆದರ್ತಾರೆ, ಬಾಲ್ಯದ ಭಾಗ ಮಾತ್ರ ಓದು ಸಾಕು ಅಂತ ಕೊಡ್ತೀನಿ, ಮಿಕ್ಕಿದ್ದನ್ನ ಅವರೇ ಓದ್ಕೊತಾರೆ. ಭೈರಪ್ಪನವರ ಮುಂದಿನ ವಿಚಾರಗಳನ್ನ ಒಪ್ಪದವರೂ ಆ ಭಾಗ ಓದಬೇಕು.

ಈ ಎರಡನ್ನೂ ಜೊತೆಲೇ ಓದಿ ಅನ್ನೋಕೆ ಕಾರಣ ಇದೆ. ಸ್ವಾವಲಂಬನೆ ಅಂದ್ರೆ ಯಾರ ಹತ್ರನೂ ಏನೂ ತಗೊಳ್ದೆ ಒಬ್ಬನೇ ಬೆಳೆಯೋದು ಅಂತ ಈಗಿನ ಭಾಷಣಗಳಲ್ಲಿ ಹೇಳ್ತಾರೆ, ನಂಗದು ಸರಿ ಅನ್ಸಲ್ಲ. ಒಬ್ಬರನ್ನ ಸರ್ಕಾರಿ ಹಾಸ್ಟೆಲಿನ ಅನ್ನ ಬೆಳೆಸ್ತು, ಇನ್ನೊಬ್ಬರನ್ನ ಯಾರ್‍ಯಾರೋ ಮನೆಯ ವಾರದ ಊಟ ಉಳಿಸ್ತು, ಇಬ್ಬರೂ ಅದನ್ನ ಮುಚ್ಚಿಡದೆ ಬರೆದಿದಾರೆ. ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕೋಕೆ, ಮೇಷ್ಟ್ರ ಹತ್ರ ಫೀಸಿಗೆ ಸಹಾಯ ಕೇಳೋಕೆ ಹಿಂಜರಿದು ಓದು ಬಿಡೋ ಮಕ್ಕಳಿಗೆ ಇದು ಗೊತ್ತಾಗಲೇಬೇಕು. ಹಾಗೇ ಒಂದು ವಿನಂತಿ ಮೇಷ್ಟ್ರುಗಳಿಗೆ: ಇಂಥ ಪುಸ್ತಕ ತೋರಿಸಿ "ನೋಡ್ರೋ ಅವರು ಹಸಿದುಕೊಂಡು ಓದಿದ್ರು, ನಿಮಗೇನು ಧಾಡಿ" ಅಂತ ದಯವಿಟ್ಟು ಬೈಬೇಡಿ. ಹಸಿವು ಯಾರಿಗೂ ಬೇಕಾದ್ದಲ್ಲ, ಅವರು ಅದನ್ನ ದಾಟಿ ಬಂದ್ರು ಅಷ್ಟೇ, ಅದೇ ಹಸಿವಲ್ಲಿ ಎಷ್ಟು ಜನ ದಾರೀಲೇ ಉಳಿದುಹೋದ್ರೋ.

ಶಿಸ್ತಿಗೆ ಅಂತ ಕೇಳಿದ್ರೆ ಶಿವರಾಮ ಕಾರಂತರ 'ಹುಚ್ಚು ಮನಸ್ಸಿನ ಹತ್ತು ಮುಖಗಳು'. ಗಾಂಧೀಜಿ ಕರೆಗೆ ಕಾಲೇಜು ಬಿಟ್ಟವರು, ಡಿಗ್ರಿ ಇಲ್ಲ. ನಾಟಕ, ಮೂಕಿ ಸಿನಿಮಾ, ಪ್ರೆಸ್ಸು, ಯಕ್ಷಗಾನ, ಕಾದಂಬರಿ ಅಂತ ಎಲ್ಲದಕ್ಕೂ ಕೈ ಹಾಕಿದ್ರು, ಕೆಲವದರಲ್ಲಿ ಕೈ ಸುಟ್ಕೊಂಡ್ರು, ಆದ್ರೂ ಮಕ್ಕಳಿಗೋಸ್ಕರ 'ಬಾಲ ಪ್ರಪಂಚ' ಅಂತ ಮೂರು ಸಂಪುಟ, ಆಮೇಲೆ 'ವಿಜ್ಞಾನ ಪ್ರಪಂಚ' ಅಂತ ನಾಲ್ಕು ಸಂಪುಟ ಒಬ್ಬರೇ ಕೂತು ಬರೆದ್ರು. ಒಂದೇ ವಿಷಯ ಹಿಡ್ಕೊಂಡಿರು ಅಂತ ಮಕ್ಕಳಿಗೆ ಬೆಳಿಗ್ಗೆ ಸಂಜೆ ಹೇಳ್ತೀವಲ್ಲ, ಹತ್ತು ಕಡೆ ಓಡೋ ಮನಸ್ಸಿಗೂ ಹಿಡಿದ ಕೆಲಸ ಮುಗಿಸೋ ಶಿಸ್ತು ಸಾಧ್ಯ ಅಂತ ಇದನ್ನ ಓದಿದ್ರೆ ತಿಳಿಯುತ್ತೆ. ದಿನಕ್ಕೊಂದಿಷ್ಟು ಓದೋ ಅಭ್ಯಾಸ ಬೇಕು ಅನ್ನೋರಿಗೆ ಡಿವಿಜಿಯವರ 'ಮಂಕುತಿಮ್ಮನ ಕಗ್ಗ' ಇದ್ದೇ ಇದೆ, 945 ಪದ್ಯ, ದಿನಕ್ಕೊಂದು ಓದಿದ್ರೆ ಎರಡೂವರೆ ವರ್ಷದ ಮೇಲಾಗುತ್ತೆ. ಸ್ವಾಮಿ ಜಗದಾತ್ಮಾನಂದರ 'ಬದುಕಲು ಕಲಿಯಿರಿ' ಬಗ್ಗೆ ನಾನು ಹೇಳೋದು ಬೇಕಿಲ್ಲ, ತುಂಬಾ ಮನೆಗಳಲ್ಲಿದೆ.

ಇನ್ನು ಹೆಣ್ಣುಮಕ್ಕಳಿಗೆ. ಹೆಣ್ಣುಮಕ್ಕಳಿಗೆ ಮಾತ್ರ ಅಲ್ಲ, ಗಂಡುಹುಡುಗರೂ ಓದಲಿ ಅಂತಾನೇ ನಾನು ಕೊಡೋದು, ಎಂ.ಕೆ. ಇಂದಿರಾ ಅವರ 'ಫಣಿಯಮ್ಮ', 1976ರ ಕಾದಂಬರಿ, ನಿಜವಾಗಿ ಬದುಕಿದ್ದ ಒಬ್ಬ ಹೆಂಗಸಿನ ಕಥೆಯ ಮೇಲೆ ಬರೆದಿದ್ದು. ಬಾಲವಿಧವೆಯಾಗಿ ತಲೆ ಬೋಳಿಸ್ಕೊಂಡು ಜೀವನ ಪೂರ್ತಿ ಮಡಿಯಲ್ಲಿ ಕಳೆದ ಫಣಿಯಮ್ಮ, ಹೆರಿಗೆ ನೋವಲ್ಲಿ ಸಾಯೋ ಹಾಗಿದ್ದ ಕೆಳಜಾತಿ ಹೆಂಗಸಿನ ಮನೆಗೆ ಹೋಗಿ ಮಗು ತೆಗೀತಾಳೆ, ಮುಂದೆ ಮನೇಲಿ ಇನ್ನೊಬ್ಬ ಹುಡುಗಿ ವಿಧವೆಯಾಗಿ ನಾನು ತಲೆ ಬೋಳಿಸಲ್ಲ ಅಂದಾಗ ಅವಳ ಪರವಾಗಿ ನಿಲ್ತಾಳೆ. ತನಗೆ ಸಿಗದ ಸ್ವಾತಂತ್ರ್ಯ ಇನ್ನೊಬ್ಬಳಿಗೆ ಸಿಗಲಿ ಅನ್ನೋದಿದೆಯಲ್ಲ, ಅಷ್ಟು ದೊಡ್ಡ ಮನಸ್ಸು ನಾನು ಬೇರೆ ಯಾವ ಪುಸ್ತಕದಲ್ಲೂ ಇಷ್ಟು ಸರಳವಾಗಿ ಓದಿಲ್ಲ. ಬರೆದ ಇಂದಿರಾ ಅವರಿಗೂ ಚಿಕ್ಕ ವಯಸ್ಸಲ್ಲೇ ಮದುವೆ ಆಗಿತ್ತು, ಮೊದಲ ಕಾದಂಬರಿ ಬಂದಾಗ ನಲವತ್ತು ದಾಟಿತ್ತು.

ನನ್ನ ಕೋರಿಕೆ ಇಷ್ಟೇ ಸಂಪಾದಕರೇ. ನಿಮ್ಮ ವಿದ್ಯಾರ್ಥಿ ಪುಟದಲ್ಲಿ ವಾರಕ್ಕೊಂದು ಕನ್ನಡ ಆತ್ಮಕಥೆ ಪರಿಚಯ ಮಾಡಿಸಿ, ಅರ್ಧ ಕಾಲಂ ಸಾಕು, ಅದನ್ನ ಓದಿರೋ ವಿದ್ಯಾರ್ಥಿ ಕೈಲೇ ಬರೆಸಿದ್ರೆ ಇನ್ನೂ ಒಳ್ಳೇದು. ಗ್ರಾಮ ಪಂಚಾಯ್ತಿ ಲೈಬ್ರರಿಗಳನ್ನ ಈಗ ಅರಿವು ಕೇಂದ್ರ ಅಂತ ಮಾಡಿದಾರೆ, ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆ ಗೈಡುಗಳ ಪಕ್ಕದಲ್ಲೇ ಈ ಪುಸ್ತಕಗಳೂ ಇರಬೇಕು, ಒಂದೊಂದು ಪ್ರತಿ ಇಟ್ಟು ಕೈತೊಳ್ಕೊಳ್ಳದೆ ನಾಲ್ಕೈದು ತರಿಸಬೇಕು, ಆಸ್ತಿ ತೆರಿಗೆ ಜೊತೆ ಗ್ರಂಥಾಲಯ ಕರ ಅಂತ ನಾವು ಕಟ್ಟೋದು ಇದಕ್ಕೇ ಅಲ್ವಾ. ಪಿಯುಸಿ ರಜ ಶುರುವಾಗೋ ಮೊದಲೇ ಈ ಕೆಲಸ ಆದ್ರೆ ಮಕ್ಕಳಿಗೆ ಓದೋಕೆ ಟೈಮು ಸಿಗುತ್ತೆ.

ಇಂತಿ,
ಕಾಲೇಜು ಲೈಬ್ರರಿಯ ಒಬ್ಬ ಉದ್ಯೋಗಿ, ಹಾಸನ