ಸೊಂಟನೋವಿಗೆ ಮಂಚ ಮದ್ದಲ್ಲ

ಮಾನ್ಯರೇ,

ಸೊಂಟನೋವು 12 ವಾರ ದಾಟಿತೆಂದರೆ ಅದು ದೀರ್ಘಕಾಲದ್ದು. ಎಂಆರ್‌ಐನಲ್ಲಿ ‘ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿದೆ’ ಎಂದು ಬರೆದಿದ್ದಕ್ಕೇ ಎದೆಗುಂದಬೇಕಿಲ್ಲ; ನೋವೇ ಇಲ್ಲದವರಲ್ಲೂ ಅದು ಕಾಣುತ್ತದೆ. ಹಾಸಿಗೆ ಹಿಡಿದಷ್ಟೂ ಸ್ನಾಯು ಸೊರಗುತ್ತದೆ. ಬೆಲ್ಟನ್ನೇ ನಂಬಿ ಕೂರುವುದೂ ದಂಡ.

ನಡಿಗೆ 10 ನಿಮಿಷದಿಂದ ಶುರುವಾಗಲಿ, ವಾರವಾರ ತುಸು ಏರಲಿ. ಜೊತೆಗೆ ಅಂಗಾತ ಮಲಗಿ, ಮಂಡಿ ಮಡಚಿ, ಪಾದ ನೆಲಕ್ಕೂರಿ, ಪೃಷ್ಠ ಎತ್ತಿ 5 ಸೆಕೆಂಡ್ ಹಿಡಿಯಿರಿ. 8–10 ಸಲ ಸಾಕು. ಹೆಚ್ಚಿನವರು ಎಡವುವುದು ಇಲ್ಲೇ: ಉಸಿರು ಬಿಗಿಹಿಡಿದು, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಎತ್ತುತ್ತಾರೆ. ಎತ್ತುವ ಶಕ್ತಿ ಪೃಷ್ಠದ ಸ್ನಾಯುವಿನಿಂದ ಬರಬೇಕು. ತುಸು ಹೆಚ್ಚಿದ ನೋವು ಮರುದಿನಕ್ಕೆ ಇಳಿದರೆ ಚಿಂತೆಯಿಲ್ಲ. ಇಳಿಯದಿದ್ದರೆ ಸಲ ಕಡಿಮೆ ಮಾಡಿ, ಬಿಡಬೇಡಿ.

ಮೂತ್ರ ಕಟ್ಟಿದರೆ, ತೊಡೆಸಂದಿ ಮರಗಟ್ಟಿದರೆ, ಕಾಲಿನ ಬಲ ಕುಗ್ಗಿದರೆ ಮಾತ್ರ ವ್ಯಾಯಾಮದ ಮಾತಿಲ್ಲ, ಅದೇ ದಿನ ಆಸ್ಪತ್ರೆಗೆ ಹೋಗಿ.

– ಒಬ್ಬ ಫಿಸಿಯೋಥೆರಪಿಸ್ಟ್