ಮಗಳಿಗೊಂದು ಪತ್ರ: ಹೆಸರು ಹಾಕಿ ಕೆಲಸ ಹೇಳು

ಪ್ರೀತಿಯ ಪುಟ್ಟಿ,

ನಾಟಕ ಸಂಘದ ಕಾರ್ಯದರ್ಶಿಯಾಗಿ ಇನ್ನೂ ಸರಿಯಾಗಿ ಕೂತೇ ಇಲ್ಲ, ಆಗಲೇ ರಾಜೀನಾಮೆ ಮಾತು ಶುರುವಾಯ್ತಲ್ಲ ನಿಂದು! ಯಾರಿಗೂ ಜವಾಬ್ದಾರಿ ಇಲ್ಲ, ಮೆಸೇಜ್ ನೋಡಿದರೂ ಉತ್ತರ ಕೊಡುವುದಿಲ್ಲ, ಕೊನೆಗೆ ಎಲ್ಲ ನನ್ನ ತಲೆಗೇ ಬರುತ್ತದೆ, ಎಲ್ಲರೂ ಸೋಮಾರಿಗಳು ಅಂತ ಫೋನಿನಲ್ಲಿ ಒಂದೇ ಉಸಿರಿಗೆ ಹೇಳಿದೆ. ಸಿಟ್ಟು ಬರುತ್ತದೆ, ಅರ್ಥವಾಗುತ್ತದೆ. ಆದರೆ ಸೋಮಾರಿಗಳು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಸೋಮಾರಿಗಳು ಕ್ಲಾಸ್ ಮುಗಿಸಿ, ಹಸಿದ ಹೊಟ್ಟೆಯಲ್ಲಿ, ರಾತ್ರಿಯವರೆಗೆ ರಿಹರ್ಸಲ್‌ಗೆ ನಿಲ್ಲುತ್ತಾರಾ?

ನೀನು ಕಳಿಸಿದ ಸ್ಕ್ರೀನ್‌ಶಾಟ್ ನೋಡಿದೆ. "ಶನಿವಾರಕ್ಕೆ ಯಾರಾದರೂ ಹಾಲ್ ಬುಕ್ ಮಾಡಿ ಪ್ಲೀಸ್" ಅಂತ ಹಾಕಿದ್ದೀಯ. ಕೆಳಗೆ ಸಾಲಾಗಿ ಹೆಬ್ಬೆರಳುಗಳು. ಆಮೇಲೆ ಯಾರದೋ ಹುಟ್ಟುಹಬ್ಬ, ಒಂದು ಮೀಮ್, ಅದಕ್ಕೆ ನಗು, ಮತ್ತೊಂದು ಮೀಮ್. ಶನಿವಾರ ಹಾಲಿಗೆ ಬೀಗ. ಹೆಬ್ಬೆರಳು ಒತ್ತಿದವರೆಲ್ಲ ಹೌದು, ಇದು ಆಗಬೇಕಾದ ಕೆಲಸ ಅಂದುಕೊಂಡರು, ಅಷ್ಟೇ. ಇನ್ನೊಬ್ಬರು ಮಾಡುತ್ತಾರೆ ಅಂತ ಪ್ರತಿಯೊಬ್ಬರೂ ನಂಬಿ ಕೂತರು.

ಇದು ನಿಮ್ಮ ಕಾಲೇಜಿನ ರೋಗ ಮಾತ್ರ ಅಲ್ಲ. 1968ರಲ್ಲಿ ಜಾನ್ ಡಾರ್ಲಿ, ಬಿಬ್ ಲಾಟನೆ ಅನ್ನುವ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಇಂಟರ್‌ಕಾಮ್‌ನಲ್ಲಿ ಮಾತಿಗೆ ಹಚ್ಚಿದರು. ಮಧ್ಯದಲ್ಲಿ ಒಬ್ಬನಿಗೆ ಫಿಟ್ಸ್ ಬಂದ ಹಾಗೆ ದನಿ ಕೇಳಿಸಿದರು, ಅದು ಮೊದಲೇ ರೆಕಾರ್ಡ್ ಮಾಡಿಟ್ಟಿದ್ದು. ಇದು ನನಗೊಬ್ಬನಿಗೇ ಕೇಳಿಸುತ್ತಿದೆ ಅಂದುಕೊಂಡವರಲ್ಲಿ ಶೇ. 85 ಜನ ಆ ದನಿ ನಿಲ್ಲುವ ಮೊದಲೇ ಎದ್ದು ವಿಷಯ ತಿಳಿಸಿದರು. ಇನ್ನೂ ನಾಲ್ಕು ಜನ ಕೇಳಿಸಿಕೊಳ್ಳುತ್ತಿದ್ದಾರೆ ಅಂತ ನಂಬಿದವರಲ್ಲಿ ಹಾಗೆ ಎದ್ದವರು ಶೇ. 31 ಮಾತ್ರ. ಒಬ್ಬ ಮನುಷ್ಯ ಒದ್ದಾಡುತ್ತಿರುವಾಗಲೇ ಹೀಗಾದರೆ ನಿನ್ನ ಹಾಲ್ ಬುಕಿಂಗ್ ಯಾವ ಲೆಕ್ಕ ಹೇಳು?

ಅದಕ್ಕೇ ಒಂದು ಕೆಲಸಕ್ಕೆ ಒಂದು ಹೆಸರು, ಒಂದು ಗಡುವು. ಇಬ್ಬರ ಹೆಸರೂ ಬೇಡ, ಇಬ್ಬರಾದರೆ ಮತ್ತೆ ಅದೇ ಕಥೆ. ಸಹಾಯಕ್ಕೆ ಎಷ್ಟು ಜನ ಬೇಕಾದರೂ ಇರಲಿ, ಕೇಳಿದಾಗ ಉತ್ತರ ಕೊಡುವವರು ಒಬ್ಬರೇ ಇರಬೇಕು. ಮೊದಲು ಅವರ ಹೆಸರು ಹಾಕಿ, ಹೀಗೆ ಬರೆ: "ಶನಿವಾರ ಸಂಜೆ 5ರಿಂದ 8ರವರೆಗೆ ಹಾಲ್ ಬೇಕು. ನೀನು ಬುಧವಾರ ಮಧ್ಯಾಹ್ನದೊಳಗೆ ಆಫೀಸಿಗೆ ಪತ್ರ ಕೊಟ್ಟು, ಸಹಿ ಆದ ಪ್ರತಿಯ ಫೋಟೋ ಇಲ್ಲಿ ಹಾಕು. ಆಗದಿದ್ದರೆ ಇವತ್ತೇ ಹೇಳು." ಆ ಕೊನೆಯ ಸಾಲು ಬಿಡಬೇಡ. ಆಗುವುದಿಲ್ಲ ಅಂತ ಹೇಳಲು ದಾರಿ ಇಲ್ಲದಿದ್ದರೆ ಜನ ಹೂಂ ಅಂದು ಮಾಯವಾಗುತ್ತಾರೆ. ಸೀನಿಯರ್‌ಗಳಿಗೆ ಹೀಗೆ ಹೆಸರು ಹಿಡಿದು ಹೇಳುವುದು ಹೇಗಮ್ಮ ಅಂತೀಯ, ಗೊತ್ತು. ಗ್ರೂಪಿನಲ್ಲಿ ಹೇಳಬೇಡ. ಎದುರಿಗೆ ಸಿಕ್ಕಾಗ ಇದು ನಿಮ್ಮಿಂದ ಆಗುತ್ತಾ ಅಂತ ಕೇಳು, ಹೂಂ ಅಂದ ಮೇಲೆ ಪಟ್ಟಿಯಲ್ಲಿ ಬರೆದುಕೋ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನು ಆ ಗ್ರೂಪ್. ಸುಮ್ನೆ ಒಂದು ಲೆಕ್ಕ ಹಾಕು: 5 ಜನರ ಗುಂಪಿನಲ್ಲಿ ಇಬ್ಬಿಬ್ಬರ ನಡುವೆ ಮಾತಾಡುವ ಜೋಡಿಗಳು 10. ಅದೇ 20 ಜನರಲ್ಲಿ 190. ಜನ ನಾಲ್ಕು ಪಟ್ಟು ಆದರೆ ಗದ್ದಲ ಹತ್ತೊಂಬತ್ತು ಪಟ್ಟು! ಎಲ್ಲರೂ ಎಲ್ಲದರ ಬಗ್ಗೆ ಒಂದೇ ಕಡೆ ಮಾತಾಡಿದರೆ ನಿನ್ನ ಮುಖ್ಯ ಮೆಸೇಜ್ ಮೀಮಿನ ಕೆಳಗೆ ಹೂತುಹೋಗದೆ ಇನ್ನೇನಾಗುತ್ತದೆ? ವಾಟ್ಸಾಪ್‌ನಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುವ ಹಾಗೆ ಸೆಟ್ಟಿಂಗ್ ಇದೆಯಲ್ಲ, ಅಂಥದ್ದೊಂದು ಗ್ರೂಪ್ ಮಾಡು. ಅಲ್ಲಿ ಸಮಯ, ಜಾಗ, ಬದಲಾವಣೆ, ಇಷ್ಟೇ. ಹರಟೆ ಗ್ರೂಪ್ ಹಾಗೇ ಇರಲಿ, ಅದನ್ನು ಮುಚ್ಚಿದರೆ ಸಂಘವೇ ಸತ್ತ ಹಾಗೆ. ವೇಷಭೂಷಣ, ಬೆಳಕು, ಪ್ರಚಾರ ಇವುಗಳ ತಂಡಗಳು ನಾಲ್ಕೈದು ಜನರ ಸಣ್ಣ ಗುಂಪುಗಳಲ್ಲಿ ಮಾತಾಡಿಕೊಳ್ಳಲಿ. ಯಾವ ದಿನ ಸೇರೋಣ ಅಂತ ಕೇಳಿ ಅರವತ್ತು ಉತ್ತರ ಓದುವ ಬದಲು ಪೋಲ್ ಹಾಕು, ಎಂದು ಮುಗಿಯುತ್ತದೆ ಅಂತಲೂ ಹೇಳು. ಕೆಲವರು ಯಾವ ಗ್ರೂಪನ್ನೂ ನೋಡುವುದಿಲ್ಲ. ಅಂಥವರಿಗೆ ಫೋನ್ ಮಾಡಬೇಕು, ಬೇರೆ ಉಪಾಯವೇ ಇಲ್ಲ.

ಮೀಟಿಂಗ್ ಬಗ್ಗೆ ನೀನು ಹೇಳಿದ್ದು ಕೇಳಿ ನಗು ಬಂತು. ಟೀ ಶರ್ಟ್ ಬಣ್ಣಕ್ಕೆ ಒಂದು ಗಂಟೆ, ಖರ್ಚಿನ ಲೆಕ್ಕಕ್ಕೆ ಎರಡು ನಿಮಿಷ ಅಲ್ವಾ? ಬಣ್ಣದ ಬಗ್ಗೆ ಎಲ್ಲರಿಗೂ ಅಭಿಪ್ರಾಯ ಇರುತ್ತದೆ, ಲೆಕ್ಕ ಅಂದರೆ ಎಲ್ಲರಿಗೂ ಆಕಳಿಕೆ. ಕಷ್ಟದ ವಿಷಯವನ್ನು ಮೊದಲು ಎತ್ತಿಕೋ, ಬಣ್ಣ ಕೊನೆಗಿರಲಿ. ಆಗ ಎಲ್ಲರಿಗೂ ಮನೆಗೆ ಹೋಗುವ ಅವಸರ ಇರುತ್ತದೆ, ತೀರ್ಮಾನ ತಾನಾಗೇ ಬೇಗ ಆಗುತ್ತದೆ.

ಸಭೆ ನಡೆಸಲು ಬರುವುದಿಲ್ಲ ಅಂತ ಅಳಬೇಡ. ಹೆನ್ರಿ ರಾಬರ್ಟ್ ಅಂತ ಅಮೆರಿಕದ ಸೈನ್ಯದ ಎಂಜಿನಿಯರ್ ಒಬ್ಬ ಇದ್ದ. 1863ರಲ್ಲಿ ಅವನನ್ನು ಒಂದು ಸಭೆಯ ಅಧ್ಯಕ್ಷನಾಗಿ ಕೂರಿಸಿದರು, ಅವನಿಗೋ ಸಭೆ ನಡೆಸುವುದು ಹೇಗೆ ಅಂತ ಗೊತ್ತಿರಲಿಲ್ಲ, ಮಾನ ಹೋದ ಹಾಗಾಯ್ತು. ಆಮೇಲೆ ಹಟ ಹಿಡಿದು ಕಲಿತು 1876ರಲ್ಲಿ ಸಭೆಯ ನಿಯಮಗಳನ್ನೇ ಬರೆದು ಅಚ್ಚು ಹಾಕಿಸಿದ. ಅವನ್ನು ಇವತ್ತಿಗೂ ಎಷ್ಟೋ ಸಂಘಗಳು ಬಳಸುತ್ತವೆ. ನಿನಗೆ ಅಷ್ಟೆಲ್ಲ ಬೇಡ. ಒಮ್ಮೆಗೆ ಒಂದೇ ವಿಷಯ, ಒಮ್ಮೆಗೆ ಒಬ್ಬರೇ ಮಾತಾಡುವುದು, ಇಷ್ಟು ಹಿಡಿದುಕೋ ಸಾಕು. ಮತ್ತೆ ನಡಾವಳಿ ಅಂತ ಪುಟಗಟ್ಟಲೆ ಬರೆಯಲು ಹೋಗಬೇಡ, ನಾನು ಆಫೀಸಿನಲ್ಲಿ ಬರೆಯುವುದನ್ನು ಓದುವವರು ನಾನೊಬ್ಬಳೇ ಅಂತ ಕಾಣುತ್ತದೆ! ಏನು ತೀರ್ಮಾನ, ಯಾರು ಮಾಡುತ್ತಾರೆ, ಯಾವತ್ತಿಗೆ. ಎಲ್ಲರೂ ಏಳುವ ಮೊದಲು ಅದನ್ನು ಜೋರಾಗಿ ಓದು. ಹಾಗೆ ಓದುವಾಗಲೇ ಯಾರೋ ಒಬ್ಬರು ಅಯ್ಯೋ ನಾನು ಹಾಗೆ ಹೇಳಲಿಲ್ಲ ಅನ್ನುತ್ತಾರೆ, ನೋಡುತ್ತಿರು. ಅಲ್ಲೇ ಸರಿಮಾಡಿಕೊಂಡರೆ ಆಮೇಲಿನ ಜಗಳ ತಪ್ಪುತ್ತದೆ.

ದುಡ್ಡಿನ ವಿಷಯ ಖಜಾಂಚಿಗೇ ಬಿಡು. ಪ್ರತಿ ರಸೀದಿಯ ಫೋಟೋ ಮಾತ್ರ ಅವತ್ತೇ ಸೇರಿಸಿಡಲಿ.

ಒಂದು ವಿಷಯ ನನಗೆ ನಿಜಕ್ಕೂ ಗಾಬರಿ ಹುಟ್ಟಿಸಿತು. ಹಳೆಯ ಸ್ಕ್ರಿಪ್ಟು, ಪ್ರಾಯೋಜಕರ ನಂಬರು, ಹೋದ ವರ್ಷದ ಬಜೆಟ್ಟು ಎಲ್ಲ ಹಿಂದಿನ ಕಾರ್ಯದರ್ಶಿಯ ಕಾಲೇಜು ಇಮೇಲಿನ ಡ್ರೈವಿನಲ್ಲಿದೆ ಅಂದೆಯಲ್ಲ. ಅವಳು ಪಾಸಾಗಿ ಹೋದ ಮೇಲೆ ಕಾಲೇಜಿನವರು ಆ ಖಾತೆ ಮುಚ್ಚಿದರೆ ಅದೆಲ್ಲ ಹೋದ ಹಾಗೇ. ವಿದ್ಯಾರ್ಥಿ ಸಂಘದಲ್ಲಿ ಜನ ವರ್ಷ ವರ್ಷ ಬದಲಾಗುತ್ತಾರೆ, ಹಾಗಾಗಿ ಯಾರ ಸ್ವಂತ ಖಾತೆಯಲ್ಲೂ ಏನೂ ಇರಬಾರದು. ಸಂಘದ ಹೆಸರಲ್ಲೇ ಒಂದು ಇಮೇಲ್ ಮಾಡು, ಪಾಸ್‌ವರ್ಡ್ ನಿನಗೂ ಅಧ್ಯಕ್ಷರಿಗೂ ಗೊತ್ತಿರಲಿ, ಎರಡನೇ ವರ್ಷದ ಒಬ್ಬರನ್ನು ಈಗಿನಿಂದಲೇ ಜೊತೆಗೆ ಹಾಕಿಕೋ. ಹಿಂದಿನ ಕಾರ್ಯದರ್ಶಿಗೆ ಅವಳ ಪರೀಕ್ಷೆ ಮುಗಿಯುವ ಮೊದಲೇ ಫೋನ್ ಮಾಡಿ ಫೈಲುಗಳನ್ನೆಲ್ಲ ಹೊಸ ಖಾತೆಗೆ ಕಾಪಿ ಮಾಡಿಸಿಕೋ. ಹಾಗೇ ಲೈಟಿನವರ ನಂಬರ್ ಯಾವುದು, ಆಫೀಸಿನಲ್ಲಿ ಯಾರಿಗೆ ಪತ್ರ ಕೊಟ್ಟರೆ ಬೇಗ ಸಹಿ ಆಗುತ್ತದೆ ಅಂತಲೂ ಕೇಳಿ ಬರೆದುಕೋ, ಅದು ಯಾವ ಫೈಲಿನಲ್ಲೂ ಇರುವುದಿಲ್ಲ.

ನಿನ್ನ ಅಮ್ಮ