ಗ್ರಫಾನಾ ಲಾಗಿನ್ ಬದಲಾಗಿದೆ, ನೋಡಿ

ಜಯನಗರ, ಪೀಣ್ಯ ಎರಡೂ ಆಫೀಸಿನವರಿಗೆ: ಸೋಮವಾರದಿಂದ ಗ್ರಫಾನಾಗೆ (ಗ್ರಾಫ್ ನೋಡುವ ಡ್ಯಾಶ್‌ಬೋರ್ಡ್ ತಂತ್ರಾಂಶ) ಬೇರೆ ಪಾಸ್‌ವರ್ಡ್ ಬೇಡ. ಬೆಳಿಗ್ಗೆ ಕಂಪ್ಯೂಟರ್‌ಗೆ ಹಾಕುವುದೇ ಅಲ್ಲೂ ನಡೆಯುತ್ತದೆ. ಎಲ್ಲರ ಲಾಗಿನ್ ವಿವರ ಇರುವ ಆಕ್ಟಿವ್ ಡೈರೆಕ್ಟರಿಗೆ ಎಲ್‌ಡ್ಯಾಪ್ (ಡೈರೆಕ್ಟರಿ ಜೊತೆ ಮಾತಾಡುವ ವಿಧಾನ) ಮೂಲಕ ಜೋಡಿಸಿದ್ದೇವೆ.

ನಿನ್ನೆ ಅರ್ಧ ದಿನ ಹಾಳಾಗಿದ್ದು ಒಂದು ಸಣ್ಣ ತಪ್ಪಿಗೆ. ಎಲ್‌ಡ್ಯಾಪ್‌ನ ಸುರಕ್ಷಿತ ದಾರಿಯಾದ 636ನೇ ಪೋರ್ಟ್ ತೆರೆದಿತ್ತು, ಆದರೂ ಕನೆಕ್ಟ್ ಆಗಲಿಲ್ಲ. ನೋಡಿದರೆ ಸರ್ವರ್ ಹೆಸರಿನ ಜಾಗದಲ್ಲಿ ನಾನೇ ಐಪಿ ವಿಳಾಸ ಹಾಕಿದ್ದೆ! ಸರ್ವರ್‌ನ ಗುರುತು ಸಾಬೀತು ಮಾಡುವ ಸರ್ಟಿಫಿಕೇಟ್‌ನಲ್ಲಿ ಇದ್ದದ್ದು ಹೆಸರು ಮಾತ್ರ, ಹಾಗಾಗಿ ಹೊಂದಲಿಲ್ಲ. ತಿದ್ದಿದ ಕೂಡಲೇ ಸರಿಹೋಯ್ತು. ಸುಮ್ನೆ ಸಾದಾ 389ನೇ ಪೋರ್ಟ್‌ಗೆ ಇಳಿಸಿ ಮುಗಿಸಬಹುದಿತ್ತು. ಆದರೆ ಟಿಎಲ್‌ಎಸ್ (ಡೇಟಾವನ್ನು ಗೂಢಲಿಪಿಯಲ್ಲಿ ಕಳಿಸುವ ವಿಧಾನ) ಇಲ್ಲದೆ ಪಾಸ್‌ವರ್ಡ್ ಮುಚ್ಚುಮರೆಯಿಲ್ಲದೆ ಓಡಾಡುತ್ತೆ, ಬೇಡ ಅಲ್ವಾ.

ಯಾರನ್ನಾದರೂ ಎಡಿಟರ್ (ಡ್ಯಾಶ್‌ಬೋರ್ಡ್ ತಿದ್ದಬಲ್ಲವರು) ಮಾಡಬೇಕಿದ್ದರೆ ಗ್ರಫಾನಾದಲ್ಲಿ ಕೈ ಹಾಕಬೇಡಿ, ಮುಂದಿನ ಲಾಗಿನ್‌ಗೆ ಹಳೆಯದೇ ವಾಪಸ್ ಬರುತ್ತದೆ. ನನಗೆ ಹೇಳಿ, ಡೈರೆಕ್ಟರಿ ಗ್ರೂಪಿಗೆ ಸೇರಿಸುತ್ತೇನೆ.